ಹನ್ನೆರಡನೇ ಕಾಲಂ

2024ರ ಮೇ ತಿಂಗಳು. ಬೆಂಗಳೂರಿನಲ್ಲಿ ಆಫೀಸಿನ ಊಟದ ಹೊತ್ತು. ಫೋನಿಗೆ ಬ್ಯಾಂಕಿನ ಮೆಸೇಜು ಬಂತು, ಅವ್ವನ ಖಾತೆಗೆ ಬರ ಪರಿಹಾರದ ದುಡ್ಡು ಜಮಾ ಆಗಿದೆ ಅಂತ. ಅವ್ವನ ಬ್ಯಾಂಕ್ ಖಾತೆಗೂ ಆಧಾರ್‌ಗೂ ನನ್ನ ನಂಬರನ್ನೇ ಕೊಟ್ಟಿದ್ದೇವೆ. ಹಾಗಾಗಿ ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯಲ್ಲಿರುವ ನಾಲ್ಕು ಎಕರೆ ಹೊಲದ ದುಡ್ಡಿನ ಸುದ್ದಿ ಆ ಹಳ್ಳಿಗಿಂತ ಮುಂಚೆ ನನಗೆ ಗೊತ್ತಾಗುತ್ತದೆ. ಜನವರಿಯಲ್ಲಿ ಬಂದಿದ್ದ 2,000 ರೂಪಾಯಿ ಸೇರಿಸಿದರೆ ಒಟ್ಟು 13,700ರ ಆಸುಪಾಸು.

ನನಗೆ ಖುಷಿಯಾಯಿತು. ತಕ್ಷಣ ಊರಿಗೆ ಫೋನ್ ಮಾಡಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೀಜ ಹಾಕಿದ್ದು ಅವಳು ಕಣವ್ವ" ಅಂದಳು.

ಅವಳು ಅಂದರೆ ಯಾರು ಅಂತ ಕೇಳುವ ಅಗತ್ಯ ಇರಲಿಲ್ಲ. ಅಪ್ಪ 2017ರಲ್ಲಿ ತೀರಿಕೊಂಡ ಮೇಲೆ ನಮ್ಮ ಹೊಲ ಮಾಡುತ್ತಿರುವುದು ನಮ್ಮ ಕೇರಿಯ ಒಬ್ಬ ಹೆಂಗಸು. ಹೆಸರು ಬರೆಯುವುದಿಲ್ಲ, ನಾನು ಕರೆಯುವ ಹಾಗೆ ಅಕ್ಕ ಅಂತಲೇ ಬರೆಯುತ್ತೇನೆ. ಅವರಿಗೆ ಸ್ವಂತ ಹೊಲ ಇಲ್ಲ. ಗಂಡ ಗಾರೆ ಕೆಲಸಕ್ಕೆ ಅಂತ ಊರೂರು ಸುತ್ತುತ್ತಾರೆ. ನಮ್ಮ ಹೊಲವನ್ನು ಅವರು ಕೋರಿಗೆ ಮಾಡುತ್ತಾರೆ. ಅಂದರೆ ಬೀಜ, ಗೊಬ್ಬರ, ಬೇಸಾಯ, ಕಳೆ ಎಲ್ಲ ಅವರದ್ದು, ಬೆಳೆದದ್ದರಲ್ಲಿ ನಮಗೊಂದು ಪಾಲು. ಕಾಗದ ಪತ್ರ ಏನೂ ಇಲ್ಲ. ಅಪ್ಪನ ತಿಥಿ ಮುಗಿದ ವಾರ ಜಗಲಿಯ ಮೇಲೆ ಕೂತು ಅವ್ವ, ಅಕ್ಕ ಇಬ್ಬರೂ ಮಾತಾಡಿಕೊಂಡದ್ದು, ಅಷ್ಟೇ.

2023ರಲ್ಲಿ ಆ ಹೊಲಕ್ಕೆ ಅಕ್ಕ ಶೇಂಗಾ ಹಾಕಿದ್ದರು. ಮಧ್ಯೆ ಅಕ್ಕಡಿ ಸಾಲಿನಲ್ಲಿ ತೊಗರಿ. ಮಳೆ ತಡವಾಗಿ ಬಂತು, ಬಂದದ್ದು ಬಿತ್ತುವಷ್ಟು ಮಾತ್ರ ಬಂತು. ಆಮೇಲೆ ಆಗಸ್ಟ್ ಪೂರ್ತಿ ಒಣಗಿಹೋಯಿತು. 1901ರಿಂದ ಇಟ್ಟಿರುವ ಲೆಕ್ಕದಲ್ಲಿ ದೇಶಕ್ಕೆ ಅಷ್ಟು ಕಡಿಮೆ ಮಳೆಯ ಆಗಸ್ಟ್ ಬೇರೆ ಯಾವುದೂ ಇರಲಿಲ್ಲ. ಶೇಂಗಾ ಹೂ ಬಿಟ್ಟು ಕಾಯಿ ಭೂಮಿಗೆ ಇಳಿಯುವ ಹೊತ್ತಿಗೆ ನೆಲ ಗಟ್ಟಿಯಾಗಿತ್ತು. ಕೊನೆಗೆ ಕಿತ್ತಾಗ ಗಿಡಕ್ಕೆ ಎರಡು ಮೂರು ಜೊಳ್ಳು ಕಾಯಿ. ಕೂಲಿ ಕೊಟ್ಟು ಕೀಳಿಸುವುದಕ್ಕಿಂತ ಕುರಿ ಬಿಡುವುದೇ ಮೇಲು ಅಂತ ಅಕ್ಕ ಅರ್ಧ ಹೊಲಕ್ಕೆ ಕುರಿ ಬಿಟ್ಟರು. ಎಕರೆಗೆ 15,000ಕ್ಕಿಂತ ಕಡಿಮೆ ಖರ್ಚಾಗಿಲ್ಲ ಅಂತ ಬೆರಳು ಮಡಚಿ ಮಡಚಿ ನನಗೆ ಲೆಕ್ಕ ಹೇಳಿದ್ದರು. ಅದರಲ್ಲಿ ಅರ್ಧಕ್ಕೂ ಜಾಸ್ತಿ ಸಂಘದ ಸಾಲ. ವಾರ ವಾರ ಕಂತು. ಮಳೆ ಬರಲಿಲ್ಲ ಅಂತ ಸಂಘದ ಕಂತು ನಿಲ್ಲುವುದಿಲ್ಲ ಅಲ್ವಾ.

ಆ ವರ್ಷ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದರು. ಒಟ್ಟು ಇರುವುದು 236. ಕೇಂದ್ರದ ದುಡ್ಡು ಬರಲಿಲ್ಲ ಅಂತ ರಾಜ್ಯ ಸರ್ಕಾರ 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿಗೂ ಹೋಯಿತು. 18,171 ಕೋಟಿ ಕೇಳಿದ್ದಕ್ಕೆ ಏಪ್ರಿಲ್ ಕೊನೆಯಲ್ಲಿ 3,454 ಕೋಟಿ ಬಂತು. ಅಷ್ಟು ಹೊತ್ತಿಗೆ ರಾಜ್ಯವೇ ಒಂದು ಮಧ್ಯಂತರ ಕಂತು ಅಂತ ಪ್ರತಿ ರೈತರಿಗೆ 2,000ದವರೆಗೆ ಹಾಕಿತ್ತು. ಆ ಜಗಳದಲ್ಲಿ ಯಾರದು ಸರಿ ಅಂತ ಪೇಪರು, ಟಿವಿಗಳಲ್ಲಿ ತಿಂಗಳುಗಟ್ಟಲೆ ಚರ್ಚೆ ಆಯಿತು. ಆಗಬೇಕಾದ ಚರ್ಚೆಯೇ. ಆದರೆ ಆ ದುಡ್ಡು ಊರಿಗೆ ಬಂದು ಇಳಿದಾಗ ಯಾರ ಕೈಗೆ ಸೇರುತ್ತದೆ ಅನ್ನುವುದನ್ನು ಮಾತಾಡಿದವರು ಬಹಳ ಕಡಿಮೆ.

ಆಗಿನ ಲೆಕ್ಕ ಹೀಗಿತ್ತು. ಮಳೆಯಾಶ್ರಿತ ಬೆಳೆ 33 ಶೇಕಡಾಕ್ಕಿಂತ ಜಾಸ್ತಿ ಹಾಳಾದರೆ ಹೆಕ್ಟೇರಿಗೆ 8,500 ರೂಪಾಯಿ, ಹೆಚ್ಚೆಂದರೆ ಎರಡು ಹೆಕ್ಟೇರಿಗೆ. ನೀರಾವರಿಗೆ 17,000. ಅಡಿಕೆ, ತೆಂಗಿನಂಥ ಬಹುವಾರ್ಷಿಕ ಬೆಳೆಗೆ 22,500. ನಮ್ಮ ನಾಲ್ಕು ಎಕರೆ ಅಂದರೆ ಒಂದೂ ಮುಕ್ಕಾಲಿಗೂ ಕಡಿಮೆ ಹೆಕ್ಟೇರು, ಹಾಗಾಗಿ ಆ 13,700. ಪಹಣಿಯಲ್ಲಿ, ಅಂದರೆ ಹೊಲದ ಸರ್ಕಾರಿ ದಾಖಲೆಯಲ್ಲಿ, ಯಾರ ಹೆಸರಿದೆಯೋ ಅವರ ಆಧಾರ್, ಅವರ ಸರ್ವೆ ನಂಬರು, ಅವರ ಬ್ಯಾಂಕ್ ಖಾತೆ ಮೂರನ್ನೂ ಫ್ರೂಟ್ಸ್ ಅನ್ನುವ ತಂತ್ರಾಂಶದಲ್ಲಿ ಜೋಡಿಸಿ ಒಂದು ಎಫ್‌ಐಡಿ ನಂಬರು ಕೊಟ್ಟಿರುತ್ತಾರೆ. ಬೆಳೆ ಸಮೀಕ್ಷೆಯಲ್ಲಿ ಆ ಸರ್ವೆ ನಂಬರಿನಲ್ಲಿ ಯಾವ ಬೆಳೆ ಇತ್ತು ಅಂತ ದಾಖಲಾಗಿರುತ್ತದೆ. ಎರಡೂ ತಾಳೆಯಾದರೆ ದುಡ್ಡು ನೇರ ಖಾತೆಗೆ. ಮಧ್ಯೆ ಯಾರೂ ಕೈ ಹಾಕುವ ಹಾಗಿಲ್ಲ. ಇದು ನಿಜವಾಗಿಯೂ ದೊಡ್ಡ ವಿಷಯ, ಅದನ್ನು ಕಡೆಗಣಿಸುವುದಿಲ್ಲ. ಅಪ್ಪ ಹಿಂದೊಂದು ಬರಗಾಲದ ಚೆಕ್ಕಿಗಾಗಿ ಎಷ್ಟು ಸಲ ಬಸ್ಸು ಹತ್ತಿ ಇಳಿದಿದ್ದರು ಅನ್ನುವುದನ್ನು ನಾನು ನೋಡಿದ್ದೇನೆ.

ಆದರೆ ಈ ಇಡೀ ಸರಪಳಿಯಲ್ಲಿ ಬಿತ್ತಿದವರು ಯಾರು ಅನ್ನುವ ಪ್ರಶ್ನೆ ಎಲ್ಲೂ ಇಲ್ಲ. ಸಮೀಕ್ಷೆಗೆ ಬಂದ ಹುಡುಗ ಮೊಬೈಲಿನಲ್ಲಿ ಬೆಳೆಯ ಫೋಟೋ ತೆಗೆದುಕೊಂಡ ದಿನ ಹೊಲದಲ್ಲಿ ನಿಂತಿದ್ದವರು ಅಕ್ಕ. ಬದು ತೋರಿಸಿದವರು ಅಕ್ಕ. ಎಲ್ಲಿ ಶೇಂಗಾ ಮುಗಿದು ಎಲ್ಲಿ ತೊಗರಿ ಸಾಲು ಶುರುವಾಗುತ್ತದೆ ಅಂತ ಹೇಳಿದವರೂ ಅವರೇ. ಆ್ಯಪಿನಲ್ಲಿ ಬಂದ ಹೆಸರು ಅವ್ವನದ್ದು.

ಪಿಎಂ ಕಿಸಾನ್ ಕಥೆಯೂ ಇದೇ. 2019ರ ಫೆಬ್ರುವರಿಯಲ್ಲಿ ಶುರುವಾದ ಯೋಜನೆ, ವರ್ಷಕ್ಕೆ 6,000, ನಾಲ್ಕು ತಿಂಗಳಿಗೊಮ್ಮೆ 2,000. ಮೊದಲು ಎರಡು ಹೆಕ್ಟೇರಿನೊಳಗಿನವರಿಗೆ ಅಂತಿತ್ತು, ಕೆಲವೇ ತಿಂಗಳಲ್ಲಿ ಜಮೀನು ಇರುವ ಎಲ್ಲ ರೈತ ಕುಟುಂಬಗಳಿಗೆ ಅಂತ ಆಯಿತು. ನಾನು ಆದಾಯ ತೆರಿಗೆ ಕಟ್ಟುವವಳು, ಹಾಗಾಗಿ ನನ್ನ ಹೆಸರಿಗೆ ಹೊಲ ಇದ್ದಿದ್ದರೆ ಬರುತ್ತಿರಲಿಲ್ಲ. ಅವ್ವನಿಗೆ ಬರುತ್ತದೆ, ಯಾಕೆಂದರೆ ಅಪ್ಪ ಹೋದ ಮೇಲೆ ಮರಣ ಪ್ರಮಾಣಪತ್ರ, ವಂಶವೃಕ್ಷ ಎಲ್ಲ ಹೊಂದಿಸಿ ಪೌತಿ ಖಾತೆ ಮಾಡಿಸಿ ಹೊಲವನ್ನು ಅವ್ವನ ಹೆಸರಿಗೆ ತಂದಿದ್ದೆವು. ನಮ್ಮ ಊರಿನಲ್ಲೇ ಎಷ್ಟೋ ಪಹಣಿಗಳು ಇನ್ನೂ ಸತ್ತ ತಾತಂದಿರ ಹೆಸರಿನಲ್ಲಿವೆ, ಅಣ್ಣ ತಮ್ಮಂದಿರು ಬಾಯಿಮಾತಿನಲ್ಲಿ ಭಾಗ ಮಾಡಿಕೊಂಡು ಉಳುತ್ತಾರೆ, ಅವರಿಗೂ ಬರುವುದಿಲ್ಲ. ಅದು ಬೇರೆ ದೊಡ್ಡ ಸಂಕಟ, ಅದರ ಬಗ್ಗೆ ಇನ್ನೊಂದು ಸಲ ಬರೆಯುತ್ತೇನೆ. ಪೌತಿ ಖಾತೆ ಮಾಡಿಸಲು ಈಗ ಸರ್ಕಾರವೇ ಮನೆಬಾಗಿಲಿಗೆ ಬರುತ್ತೇವೆ ಅನ್ನುತ್ತಿದೆ, ಒಳ್ಳೆಯದು. ಆದರೆ ಕೋರಿಗೆ ಮಾಡುವವರು ಬಾಗಿಲಲ್ಲಿ ನಿಂತರೂ ತೋರಿಸಲು ಅವರ ಹತ್ತಿರ ಒಂದು ಚೂರು ಕಾಗದ ಇರುವುದಿಲ್ಲ.

ಪ್ರತಿ ವರ್ಷ ಮೃಗಶಿರ ಮಳೆ ಬೀಳುವ ಹೊತ್ತಿಗೆ ಅಕ್ಕ ನಮ್ಮ ಮನೆಗೆ ಬರುತ್ತಾರೆ. "ದೊಡ್ಡವ್ವ, ಪಹಣಿ ಜೆರಾಕ್ಸ್ ಐತಾ?" ಅಂತ ಕೇಳುತ್ತಾರೆ. ರೈತ ಸಂಪರ್ಕ ಕೇಂದ್ರದಲ್ಲಿ ಸಬ್ಸಿಡಿ ಬೀಜ ಸಿಗಬೇಕಾದರೆ ಎಫ್‌ಐಡಿ ಬೇಕು, ಎಫ್‌ಐಡಿ ಇರುವುದು ಅವ್ವನ ಹೆಸರಿನಲ್ಲಿ. ಹಾಗಾಗಿ ಅವ್ವನ ಹೆಸರಿನಲ್ಲಿ ಬೀಜ, ಅಕ್ಕನ ದುಡ್ಡು. ಎಷ್ಟೋ ಮನೆಗಳಲ್ಲಿ ಆ ಜೆರಾಕ್ಸ್ ಕೊಡುವುದಕ್ಕೂ ಯೋಚನೆ ಮಾಡುತ್ತಾರೆ. ಮಾಡುವವರು ಅಂಗಡಿಯಲ್ಲಿ ಪೂರ್ತಿ ಬೆಲೆ ಕೊಟ್ಟು ಬೀಜ ತರುತ್ತಾರೆ.

ಈ ವಿಷಯ ತಲೆಗೆ ಹೊಕ್ಕ ಮೇಲೆ ನಾನು ಒಂದೊಂದೇ ಸಬ್ಸಿಡಿಯನ್ನು ಹಿಡಿದು ಇದು ಅಕ್ಕನಿಗೆ ಸಿಗುತ್ತದಾ ಅಂತ ನೋಡತೊಡಗಿದೆ. ಡೀಸೆಲ್‌ಗೆ ಅಂತ ಎಕರೆಗೆ 250 ಕೊಡುತ್ತಿದ್ದ ರೈತ ಶಕ್ತಿ, ಪಹಣಿದಾರರಿಗೆ. ಸಿರಿಧಾನ್ಯ ಬೆಳೆದರೆ ಹೆಕ್ಟೇರಿಗೆ 10,000 ಕೊಡುವ ರೈತ ಸಿರಿ, ಪಹಣಿದಾರರಿಗೆ. ಕೃಷಿ ಹೊಂಡ, ಹನಿ ನೀರಾವರಿ ಸರಿ, ಅವು ಹೊಲದಲ್ಲೇ ಉಳಿಯುವಂಥವು, ಹೊಲದವರಿಗೆ ಕೊಡುವುದರಲ್ಲಿ ಅರ್ಥ ಇದೆ. ಆದರೆ ಬೆಳೆ ವಿಮೆ? ಅದು ಬೆಳೆಗೆ ಮಾಡುವ ವಿಮೆ, ಭೂಮಿಗಲ್ಲ. ಮುಂಗಾರಿನ ಬೆಳೆಗೆ ರೈತರು ಕಟ್ಟುವುದು ವಿಮೆ ಮೊತ್ತದ ಎರಡು ಶೇಕಡಾ. ಫಸಲ್ ಬಿಮಾ ನಿಯಮದಲ್ಲಿ ಗೇಣಿದಾರರೂ ಪಾಲಿಗೆ ಮಾಡುವವರೂ ಸೇರಬಹುದು ಅಂತ ಸ್ಪಷ್ಟವಾಗಿ ಬರೆದಿದೆ. ಆದರೆ ದಾಖಲೆ ತೋರಿಸಬೇಕು. ನಮ್ಮಲ್ಲಿ ಆ ದಾಖಲೆ ಮಾಡುವುದೇ ಸಾಧ್ಯ ಇಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಅಕ್ಕನಿಗೆ ನಿಜವಾಗಿಯೂ ತಲುಪುವ ಎರಡು ಸಿಕ್ಕವು. ಒಂದು ಗೊಬ್ಬರ. ಡಿಎಪಿ ಚೀಲ 1,350ಕ್ಕೆ ಸಿಗುತ್ತದೆ, ಅದರ ನಿಜವಾದ ಬೆಲೆ ಎಷ್ಟೋ ಜಾಸ್ತಿ. ಆ ವ್ಯತ್ಯಾಸವನ್ನು ಸರ್ಕಾರ ಕಂಪನಿಗೆ ಕೊಡುತ್ತದೆ. ಅಂಗಡಿಯ ಮಷೀನಿಗೆ ಹೆಬ್ಬೆಟ್ಟು ಒತ್ತಿದ ಯಾರಿಗೇ ಆದರೂ ಅದೇ ಬೆಲೆ. ಗೊಬ್ಬರ ಚೆಲ್ಲುವವರಿಗೆ ಸಬ್ಸಿಡಿ ಚೀಲದ ಒಳಗೇ ಇರುತ್ತದೆ. ಈ ಸಬ್ಸಿಡಿಯನ್ನೂ ನಿಲ್ಲಿಸಿ ದುಡ್ಡನ್ನು ನೇರವಾಗಿ ರೈತರ ಖಾತೆಗೆ ಹಾಕಿಬಿಡಿ ಅನ್ನುವ ಸಲಹೆ ಆಗಾಗ ಬರುತ್ತದೆ. ಕೇಳಲು ಚೆನ್ನಾಗಿದೆ, ಮಣ್ಣಿಗೂ ಒಳ್ಳೆಯದಾಗಬಹುದು. ಆದರೆ ಹಾಗೆ ಮಾಡಿದ ದಿನ ಚೀಲಕ್ಕೆ ಪೂರ್ತಿ ಬೆಲೆ ಕೊಡುವವರು ಅಕ್ಕ, ಖಾತೆಗೆ ದುಡ್ಡು ಬರುವುದು ನಮ್ಮ ಅವ್ವನಿಗೆ. ಈ ಸಲಹೆ ಕೊಡುವವರು ಇದಕ್ಕೆ ಏನು ದಾರಿ ಅಂತ ಮೊದಲು ಹೇಳಬೇಕು.

ಇನ್ನೊಂದು ಹಾಲು. ಅಕ್ಕನ ಮನೆಯಲ್ಲಿ ಎರಡು ಸೀಮೆಹಸು ಇವೆ. ಬೆಳಿಗ್ಗೆ, ಸಾಯಂಕಾಲ ಡೈರಿಗೆ ಹಾಲು ಹಾಕುತ್ತಾರೆ. ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ. 2008ರಲ್ಲಿ 2 ರೂಪಾಯಿಯಿಂದ ಶುರುವಾಗಿ 4 ಆಗಿ ಈಗ 5ಕ್ಕೆ ನಿಂತಿದೆ. ಅದು ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗುತ್ತದೆ, ಆದರೆ ಬಂದಾಗ ಬರುವುದು ಡೈರಿಯಲ್ಲಿ ಹಾಲು ಹಾಕಿದವರ ಖಾತೆಗೆ. ಹಸು ತಿಂದ ಹುಲ್ಲು ಯಾರ ಬದುವಿನದು ಅಂತ ಯಾರೂ ಕೇಳುವುದಿಲ್ಲ. ಕೊಟ್ಟಿಗೆ ಯಾರ ಹೆಸರಿನಲ್ಲಿದೆ ಅಂತ ಕೇಳುವುದಿಲ್ಲ. ಎಷ್ಟು ಲೀಟರು, ಯಾರು ತಂದರು, ಅಷ್ಟೇ. ದುಡಿದವರನ್ನು ಗುರುತಿಸಿ ದುಡ್ಡು ಕೊಡುವುದು ಆಗದ ಕೆಲಸ ಅಂತ ಯಾರಾದರೂ ಅಂದರೆ ನಾನು ನಮ್ಮೂರಿನ ಡೈರಿ ತೋರಿಸುತ್ತೇನೆ. ಹದಿನೈದು ವರ್ಷಕ್ಕೂ ಮಿಕ್ಕಿ ನಡೆಯುತ್ತಿದೆ.

ಈಗ ಆ ದಾಖಲೆ ಯಾಕೆ ಇಲ್ಲ ಅನ್ನುವ ಮಾತಿಗೆ ಬರುತ್ತೇನೆ. ಇದನ್ನು ಬರೆಯುವಾಗ ನನಗೆ ಸ್ವಲ್ಪ ಕಷ್ಟವಾಗುತ್ತದೆ, ಯಾಕೆಂದರೆ ನಮ್ಮ ಮನೆಯ ಚರಿತ್ರೆಯೇ ಇದರಲ್ಲಿದೆ.

ಈ ನಾಲ್ಕು ಎಕರೆ ನಮ್ಮ ಪಿತ್ರಾರ್ಜಿತ ಅಂತ ನಾವು ಹೇಳಿಕೊಳ್ಳುತ್ತೇವೆ. ನಿಜವಾಗಿ ಅದು ಪಕ್ಕದ ಊರಿನ ದೊಡ್ಡ ಮನೆಯವರದ್ದು. ನನ್ನ ಅಜ್ಜ ಅದನ್ನು ಗೇಣಿಗೆ ಮಾಡುತ್ತಿದ್ದರು. ದೇವರಾಜ ಅರಸರ ಕಾಲದಲ್ಲಿ ಭೂ ಸುಧಾರಣೆ ಕಾಯ್ದೆಗೆ ತಿದ್ದುಪಡಿಯಾಗಿ 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯೇ ರದ್ದಾಯಿತು. ಉಳುವವನೇ ಹೊಲದೊಡೆಯ. ಗೇಣಿದಾರರು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕಿತ್ತು. ಅಜ್ಜ ಹಾಕಿದರು. ಅಕ್ಷರ ಬರುತ್ತಿರಲಿಲ್ಲ, ಊರಿನ ಮೇಷ್ಟ್ರು ತುಂಬಿಕೊಟ್ಟರಂತೆ. ಅವರ ಪರವಾಗಿ ಇದ್ದ ಒಂದೇ ಗಟ್ಟಿ ಸಾಕ್ಷಿ ಪಹಣಿ. ಪಹಣಿಯಲ್ಲಿ ಒಂಬತ್ತನೇ ಕಾಲಂನಲ್ಲಿ ಹೊಲದ ಒಡೆಯರ ಹೆಸರು ಇರುತ್ತದೆ. ಹನ್ನೆರಡನೇ ಕಾಲಂನಲ್ಲಿ ಸಾಗುವಳಿ ಮಾಡುವವರ ಹೆಸರು, ಬೆಳೆ. ನ್ಯಾಯಮಂಡಳಿಯಲ್ಲಿ ಓದಿ ಹೇಳಿದ್ದು ಆ ಸಾಗುವಳಿಯ ಸಾಲನ್ನು. ವರ್ಷ ವರ್ಷವೂ ಅಲ್ಲಿ ಅಜ್ಜನ ಹೆಸರಿತ್ತು. ಯಾರೋ ಒಬ್ಬ ಶಾನುಭೋಗರು ಒಡೆಯರಿಗೆ ಹೆದರದೆ, ಇದ್ದದ್ದನ್ನು ಇದ್ದ ಹಾಗೆ ಬರೆದಿಟ್ಟಿದ್ದರು. ಆದೇಶದ ಕಾಗದ ಇವತ್ತಿಗೂ ಟ್ರಂಕಿನಲ್ಲಿದೆ, ಮಡಿಕೆಯಲ್ಲಿ ಹರಿದಿದೆ. ಆ ಕಾಗದದಿಂದ ಅಪ್ಪ ಎಸ್ಸೆಸ್ಸೆಲ್ಸಿವರೆಗೆ ಓದಿದರು. ನಾನು ಬೆಂಗಳೂರಿಗೆ ಬಂದೆ.

ಇವತ್ತಿನ ಪಹಣಿ ತೆಗೆಸಿದರೆ ಒಂಬತ್ತರಲ್ಲೂ ಅವ್ವನ ಹೆಸರು, ಹನ್ನೆರಡರಲ್ಲೂ ಅವ್ವನ ಹೆಸರು. ಅವ್ವನಿಗೆ ಎಪ್ಪತ್ತು ದಾಟಿದೆ. ಮಂಡಿ ನೋವು. ಹೊಲಕ್ಕೆ ಹೋಗಿ ನಾಲ್ಕು ವರ್ಷವಾಯಿತು.

ನಾನು ಅವ್ವನಿಗೆ ಕೇಳಿದೆ, ಅಕ್ಕನ ಹೆಸರು ಅಲ್ಲಿ ಬರೆಸಬಹುದಲ್ಲ ಅಂತ. ಅವ್ವ ನನ್ನನ್ನೇ ನೋಡಿದಳು. "ನಿಮ್ಮಜ್ಜ ಹೊಲ ತಗಂಡಿದ್ದು ಹೆಂಗೆ ಅಂತ ಮರ್ತೆಯಾ?" ಅಂದಳು.

ಆ ಹೆದರಿಕೆ ಅವ್ವ ಒಬ್ಬಳದ್ದಲ್ಲ. ಗೇಣಿ ರದ್ದು ಮಾಡಿದ ಕಾಯ್ದೆ ಹೊಸದಾಗಿ ಗೇಣಿಗೆ ಕೊಡುವುದನ್ನೂ ನಿಷೇಧಿಸಿತು. ಸೈನಿಕರು, ಹಡಗಿನಲ್ಲಿ ಕೆಲಸ ಮಾಡುವವರು ಇಂಥ ಕೆಲವರಿಗೆ ಮಾತ್ರ ವಿನಾಯಿತಿ. ಆವತ್ತಿಗೆ ಅದು ಸರಿಯೇ ಇತ್ತು, ಹಾಗೆ ಮಾಡದಿದ್ದರೆ ಜಮೀನ್ದಾರಿಕೆ ಇನ್ನೊಂದು ಬಾಗಿಲಿನಿಂದ ಒಳಗೆ ಬರುತ್ತಿತ್ತು. ಆದರೆ ಐವತ್ತು ವರ್ಷ ಕಳೆದಿದೆ. ಗೇಣಿಗೆ ಪಡೆದವರ ಮಕ್ಕಳು ಪಟ್ಟಣ ಸೇರಿದ್ದಾರೆ, ಹೊಲಗಳು ಉಳಿದಿವೆ, ಭೂಮಿ ಇಲ್ಲದವರು ಅವನ್ನು ಮಾಡುತ್ತಿದ್ದಾರೆ. ಊರಿಗೆಲ್ಲ ಗೊತ್ತಿರುವ ಈ ಸಂಗತಿ ಕಾನೂನಿನ ಕಣ್ಣಿಗೆ ಇಲ್ಲವೇ ಇಲ್ಲ. ಇಲ್ಲದ ಗೇಣಿದಾರರಿಗೆ ಪರಿಹಾರ ಕೊಡುವುದು ಹೇಗೆ? ಉಳುವವರನ್ನು ಕಾಪಾಡಲು ಮಾಡಿದ ಕಾಯ್ದೆಯೇ ಇವತ್ತಿನ ಉಳುವವರನ್ನು ಕಾಗದದಿಂದ ಅಳಿಸಿದೆ. ಕಾಯ್ದೆ ಮಾಡಿದವರ ತಪ್ಪು ಇದಲ್ಲ. ಆಮೇಲೆ ಬಂದ ನಾವ್ಯಾರೂ ಅದನ್ನು ಮುಂದಕ್ಕೆ ಒಯ್ಯಲಿಲ್ಲ.

ಬೇರೆ ಕಡೆ ಏನಾಗಿದೆ ಅಂತಲೂ ಓದಿದೆ. ತೆಲಂಗಾಣ 2018ರಲ್ಲಿ ರೈತು ಬಂಧು ಶುರು ಮಾಡಿದಾಗ ಎಕರೆಗೆ ಇಷ್ಟು ಅಂತ ಜಮೀನಿನ ಒಡೆಯರಿಗೆ ಮಾತ್ರ ಕೊಟ್ಟಿತು. ಎಕರೆ ಜಾಸ್ತಿ ಇದ್ದವರಿಗೆ ಜಾಸ್ತಿ, ಗೇಣಿದಾರರಿಗೆ ಏನೂ ಇಲ್ಲ. ಒಡಿಶಾ ಕಾಲಿಯಾ ಅನ್ನುವ ಯೋಜನೆಯಲ್ಲಿ ಪಾಲಿಗೆ ಮಾಡುವವರನ್ನೂ ಭೂಮಿ ಇಲ್ಲದ ಕುಟುಂಬಗಳನ್ನೂ ಸೇರಿಸಿತು. ಆಂಧ್ರ 2019ರಲ್ಲಿ ಒಂದು ಕಾನೂನನ್ನೇ ತಂದಿತು. ಸಾಗುವಳಿ ಮಾಡುವವರಿಗೆ 11 ತಿಂಗಳ ಕಾರ್ಡು, ಆ ಕಾರ್ಡಿನಿಂದ ಬೆಳೆಸಾಲ, ವಿಮೆ, ಪರಿಹಾರ. ಭೂಮಿಯ ಮೇಲೆ ಯಾವ ಹಕ್ಕೂ ಹುಟ್ಟುವುದಿಲ್ಲ, ಬೆಳೆಯ ಮೇಲೆ ಮಾತ್ರ. ನನಗೆ ಇದು ಬಹಳ ಹಿಡಿಸಿತು. ನಮ್ಮ ಅವ್ವನ ಹೆದರಿಕೆಗೂ ಉತ್ತರ ಇದೆ, ಅಕ್ಕನ ಕಷ್ಟಕ್ಕೂ ಉತ್ತರ ಇದೆ. ಆದರೆ ಕಾರ್ಡಿಗೆ ಹೊಲದವರ ಒಪ್ಪಿಗೆ ಬೇಕು, ಎಷ್ಟೋ ಹೊಲದವರು ಸಹಿ ಹಾಕುವುದಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು ದಾಟಿದರೆ ಆಂಧ್ರದ ಗಡಿ. ಅಲ್ಲಿ ಕೆಲವರಿಗಾದರೂ ಸಿಕ್ಕ ಕಾರ್ಡು ಇಲ್ಲಿ ಯಾರಿಗೂ ಇಲ್ಲ.

ನಮ್ಮಲ್ಲಿ ಬೆಳೆ ಸಮೀಕ್ಷೆ ಪ್ರತಿ ಹಂಗಾಮಿಗೂ ನಡೆಯುತ್ತದೆ. ಪ್ರತಿ ಸರ್ವೆ ನಂಬರಿಗೂ ಒಬ್ಬರು ಹೋಗುತ್ತಾರೆ. ಬಿತ್ತಿದವರು ಯಾರು ಅನ್ನುವ ಒಂದು ಸಾಲನ್ನು ಅಲ್ಲೇ ಸೇರಿಸಿದರೆ, ಇದರಿಂದ ಭೂಮಿಯ ಹಕ್ಕು ಬರುವುದಿಲ್ಲ ಅಂತ ಕಾನೂನಿನಲ್ಲೇ ಬರೆದರೆ, ಪರಿಹಾರದ ದುಡ್ಡಿನಲ್ಲಿ ಒಂದು ಪಾಲಾದರೂ ಅವರ ಖಾತೆಗೆ ಹೋಗಬಹುದು. ಇದು ನನ್ನ ಬುದ್ಧಿಗೆ ಹೊಳೆದದ್ದು. ಸುಲಭ ಅಂತ ಹೇಳುತ್ತಿಲ್ಲ. ಅವ್ವನನ್ನು ಒಪ್ಪಿಸುವುದೇ ಸುಲಭ ಆಗಲಿಲ್ಲ.

ಆ 13,700 ಏನಾಯಿತು ಅಂತ ಹೇಳಬೇಕು.

ಆ ವಾರದ ಕೊನೆಗೆ ಊರಿಗೆ ಹೋದೆ. ಅವ್ವನ ಲೆಕ್ಕ ಕೋರಿನ ಲೆಕ್ಕ. ಬೆಳೆಯಲ್ಲಿ ಪಾಲು ಇದ್ದ ಹಾಗೆ ಪರಿಹಾರದಲ್ಲೂ ಪಾಲು, ಅರ್ಧ ಕೊಡೋಣ ಅಂದಳು. ಅವಳಿಗೂ ತಿಂಗಳಿಗೆ ಬಿಪಿ, ಶುಗರ್ ಮಾತ್ರೆಯ ಖರ್ಚಿದೆ, ಆ ವರ್ಷ ಕೋರಿನ ಕಾಯಿ ಒಂದು ಸೇರೂ ಬಂದಿರಲಿಲ್ಲ. ನಾನು ಒಪ್ಪಲಿಲ್ಲ. ಹಾಳಾದ ಬೀಜದಲ್ಲಿ ನಮ್ಮ ಪಾಲು ಇರಲಿಲ್ಲ, ಸಂಘದ ಕಂತಿನಲ್ಲಿ ನಮ್ಮ ಪಾಲು ಇರಲಿಲ್ಲ, ಪರಿಹಾರದಲ್ಲಿ ಮಾತ್ರ ಹೇಗೆ ಅಂತ ಕೇಳಿದೆ. ಸ್ವಲ್ಪ ಜೋರಾಗಿಯೇ ಮಾತಾಡಿಬಿಟ್ಟೆ. ನಾವು ಮಾತಾಡುತ್ತಿರುವಾಗಲೇ ಅಕ್ಕ ಬಂದರು. ಪಕ್ಕದ ಹೊಲದವರಿಗೆ ದುಡ್ಡು ಬಂದ ಸುದ್ದಿ ಅವರಿಗೆ ಗೊತ್ತಿತ್ತು. ಜಗಲಿಯ ಮೇಲೆ ಕೂತು ಅವ್ವನ ಮಂಡಿ ನೋವು ಕೇಳಿದರು, ನನ್ನ ಕೆಲಸ ಕೇಳಿದರು, ಬೆಂಗಳೂರಿನಲ್ಲಿ ನೀರಿಗೆ ಕಷ್ಟವಂತೆ ಹೌದಾ ಅಂದರು. ಅರ್ಧ ಗಂಟೆ ಕೂತರು. ದುಡ್ಡಿನ ಮಾತು ಎತ್ತಲೇ ಇಲ್ಲ. ಸರ್ಕಾರ ಅವರ ಬೆಳೆಗೆ ಅಂತ ಕೊಟ್ಟ ದುಡ್ಡನ್ನು ಅವರು ಬಾಯಿಬಿಟ್ಟು ಕೇಳಲಾರದ ಹಾಗೆ ನಾವು ಇಟ್ಟಿದ್ದೇವಲ್ಲ ಅಂತ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಅವ್ವನೇ ಎದ್ದು ಒಳಗೆ ಕರೆದಳು. ಮಾರನೇ ದಿನ ಬ್ಯಾಂಕಿಗೆ ಹೋಗಿ 12,000 ತೆಗೆದು ಅಕ್ಕನ ಕೈಗೆ ಕೊಟ್ಟೆವು. ಉಳಿದದ್ದು ಅವ್ವನ ಮಾತ್ರೆಗೆ ಅಂತ ಅಕ್ಕನೇ ಬಿಟ್ಟರು. ಇದನ್ನು ದೊಡ್ಡ ಕೆಲಸ ಮಾಡಿದೆವು ಅಂತ ಬರೆಯುತ್ತಿಲ್ಲ. ಕೊಡದೇ ಇದ್ದಿದ್ದರೂ ಯಾರೂ ಕೇಳುತ್ತಿರಲಿಲ್ಲ ಅನ್ನುವುದಕ್ಕೆ ಬರೆಯುತ್ತಿದ್ದೇನೆ.

ಈ ವರ್ಷ ಮೃಗಶಿರ ಹುಟ್ಟುವ ಮುಂಚೆ ನಾನೇ ಊರಿಗೆ ಹೋಗಿ ಎರಡು ಪಹಣಿ ಜೆರಾಕ್ಸ್ ಮಾಡಿಸಿ ಇಟ್ಟೆ. ಒಂದು ಬಿಳಿ ಹಾಳೆಯಲ್ಲಿ ನಾಲ್ಕು ಸಾಲು ಬರೆದೆ. ಈ ಹೊಲದ ಬೆಳೆ ಹಾಳಾಗಿ ಸರ್ಕಾರದಿಂದಾಗಲಿ ವಿಮೆಯಿಂದಾಗಲಿ ದುಡ್ಡು ಬಂದರೆ ಅದು ಬಿತ್ತಿದವರದ್ದು ಅಂತ. ಕಾನೂನಿನಲ್ಲಿ ಅದಕ್ಕೆ ಬೆಲೆ ಇದೆ ಅಂತ ನಾನು ಅಂದುಕೊಂಡಿಲ್ಲ. ಅವ್ವ ಎರಡು ಸಲ ಓದಿಸಿಕೊಂಡು ಹೆಬ್ಬೆಟ್ಟು ಒತ್ತಿದಳು. ಟ್ರಂಕಿನಲ್ಲಿ ಅಜ್ಜನ ಆದೇಶದ ಕಾಗದದ ಜೊತೆಗೆ ಇಡು ಅಂದಳು.

ಅಕ್ಕನಿಗೂ ಓದಿ ಹೇಳಿದೆ. ಅವರು ತಲೆ ಅಲ್ಲಾಡಿಸುತ್ತಾ ಕೇಳಿಸಿಕೊಂಡರು. ಆಮೇಲೆ, "ಅದು ಸರಿ ಕಣವ್ವ. ದೊಡ್ಡವ್ವ ಇರೋಗಂಟ ನಂಗೆ ಯೋಚ್ನೆ ಇಲ್ಲ. ಆಮ್ಯಾಲೆ ನೀನು ಹೊಲ ಮಾರ್ತೀಯಾ?" ಅಂತ ಕೇಳಿದರು.

ಇಲ್ಲ ಅಕ್ಕ, ಮಾರಲ್ಲ ಅಂದೆ.

"ಹಂಗಾರೆ ಅದನ್ನೂ ಅದರಾಗೆ ಬರಿ" ಅಂದರು.

ಹಾಳೆಯಲ್ಲಿ ಕೆಳಗೆ ಜಾಗ ಇದೆ. ನಾನು ಇನ್ನೂ ಬರೆದಿಲ್ಲ.